ಹುಣಸೆಹಣ್ಣಿನ ಭರಣಿಯಲ್ಲಿ ಮಹಾಯುದ್ಧ

ಡಿಸೆಂಬರ್ ತಿಂಗಳ ಮೊದಲನೆಯ ಭಾನುವಾರ, ಬೆಳಿಗ್ಗೆ ಆರೂವರೆ. ಸ್ಥಳ: ಮಂಡ್ಯದ ನನ್ನ ಮನೆಯ ಅಡುಗೆಕೋಣೆ. ಹಾಜರಿದ್ದವರು: ನಾನು, ನನ್ನ ಮೈದುನ, ಅವನ ಹೆಂಡತಿ, ಮತ್ತು ಬಿಸ್ಕತ್ತಿನ ಹಳೇ ತಗಡಿನ ಡಬ್ಬದೊಳಗೆ ದ್ವಿತೀಯ ಮಹಾಯುದ್ಧ.

ಕೊನೆಯ ಹೆಸರನ್ನು ತಮಾಷೆಗೆ ಸೇರಿಸಿದೆ ಎಂದುಕೊಳ್ಳಬೇಡಿ. ಲೋಕಕ್ಕೆಲ್ಲ ಆ ಯುದ್ಧ ಮುಗಿದು ಯಾವ ಕಾಲವಾಯಿತು! ನನ್ನ ಮೈದುನನಿಗೆ ಮಾತ್ರ ಇನ್ನೂ ಮುಗಿದಿಲ್ಲ. ಅವನು ಹುಟ್ಟುವ ಹೊತ್ತಿಗೆ ಯುದ್ಧ ನಿಂತು ಹತ್ತಾರು ವರ್ಷವಾಗಿತ್ತು, ನಿಜ. ಆದರೆ ಅದಕ್ಕೆ ಅವನೇನು ಮಾಡಿಯಾನು? ತಡವಾಗಿ ಹುಟ್ಟಿದ್ದು ಅವನ ತಪ್ಪೇ?

ಹೀಗೆ ದಿನ, ಹೊತ್ತು, ಹಾಜರಾತಿ ಬರೆಯುವುದು ನನ್ನ ಹಳೆಯ ಅಭ್ಯಾಸ. ಆಸ್ಪತ್ರೆಯಲ್ಲಿ ನರ್ಸಾಗಿ ಸೇರಿ, ನರ್ಸುಗಳ ಮೇಲ್ವಿಚಾರಕಿಯಾಗಿ ನಿವೃತ್ತಿಯಾದವಳು ನಾನು. ಪಾಳಿ ಬದಲಾಗುವಾಗ ಯಾರಿದ್ದರು, ಏನಾಯಿತು, ಯಾವ ಕೆಲಸ ಮುಗಿಯಿತು ಎಂದು ಬರೆದಿಟ್ಟೇ ಮನೆಗೆ ಬರಬೇಕಿತ್ತು. ಈಗ ಪಾಳಿಯೂ ಇಲ್ಲ, ರೋಗಿಗಳೂ ಇಲ್ಲ. ಮೈದುನ ಇದ್ದಾನಲ್ಲ, ಸಾಕು!

ಅವನು ಕೂಡಿಡುವುದು ಯುದ್ಧಕಾಲದ ಬಿಲ್ಲೆಗಳನ್ನು. ಅವನ ಬಾಯಲ್ಲಿ ಕೇಳಿ ಕೇಳಿ ನನಗೂ ಪಾಠವಾಗಿದೆ, ನಿಮಗೂ ಒಪ್ಪಿಸುತ್ತೇನೆ. ಯುದ್ಧದ ವರ್ಷಗಳಲ್ಲಿ ಲೋಹವೆಲ್ಲ ಮದ್ದುಗುಂಡಿಗೆ ಹೋಗಿ ಚಿಲ್ಲರೆಗೆ ಬರ ಬಂತು. ಸರ್ಕಾರ ಕಾಸಿನ ನಡುವೆ ದೊಡ್ಡ ತೂತು ಬಿಟ್ಟು ತಾಮ್ರ ಉಳಿಸಿತು. ಮಿಲ್ಲಿನವರು, ಕ್ಯಾಂಟೀನಿನವರು, ಅಂಗಡಿಯವರು ಚಿಲ್ಲರೆಯ ಬದಲಿಗೆ ತಂತಮ್ಮದೇ ಬಿಲ್ಲೆ ಮಾಡಿಕೊಂಡರು. ಇಷ್ಟು ಚರಿತ್ರೆ. ಇದರ ಮುಂದಿನದೆಲ್ಲ ನನ್ನ ಮೈದುನ.

ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರಾಗಿದ್ದವನು. ಮದ್ದೂರು, ಮಳವಳ್ಳಿ, ಹಲಗೂರು, ಇದೇ ಅವನ ದಾರಿ. ಬೇರೆ ಕಂಡಕ್ಟರುಗಳು ನಾಣ್ಯವನ್ನು ತಿರುಗಿಸಿ ನೋಡಿ, ಸರಿಯಿಲ್ಲದಿದ್ದರೆ ಬೈದು ವಾಪಸು ಕೊಡುತ್ತಿದ್ದರು. ಇವನು ಸರಿಯಿಲ್ಲದಿದ್ದರೆ ಕಣ್ಣಿಗೊತ್ತಿಕೊಳ್ಳುತ್ತಿದ್ದ! ಸವೆದದ್ದು, ತೂತಾದದ್ದು, ನಾಣ್ಯವೇ ಅಲ್ಲದ್ದು, ಎಲ್ಲವೂ ಜೇಬಿಗೆ. ಟಿಕೆಟ್ಟಿನ ದುಡ್ಡು ತನ್ನ ಸಂಬಳದಿಂದ ಚೀಲಕ್ಕೆ. ಇಂಥ ಸುದ್ದಿ ಹಲಗೂರು ಬಸ್ ಸ್ಟ್ಯಾಂಡಿನಲ್ಲಿ ಎಷ್ಟು ಹೊತ್ತು ಗುಟ್ಟಾಗಿದ್ದೀತು? ಒಂದು ಸಂತೆ ಕಳೆಯುವುದರೊಳಗೆ ಊರೂರಿನ ಜನ ಮನೆಯ ಮೂಲೆಯಲ್ಲಿದ್ದ ತಗಡಿನ ಚೂರು, ಬಟನ್ನು, ಬಾಟಲಿಯ ಮುಚ್ಚಳವನ್ನೆಲ್ಲ ಸೆರಗಿಗೆ ಕಟ್ಟಿಕೊಂಡು ಬಸ್ಸು ಹತ್ತತೊಡಗಿದರು.

ಒಬ್ಬ ಅಜ್ಜಿ ನಾಯಿಯ ಕೊರಳಿನ ಬಿಲ್ಲೆ ಕೊಟ್ಟಳಂತೆ.

"ಇದೇನಜ್ಜಿ?"

"ನಮ್ಮಪ್ಪ ಯುದ್ದುಕ್ ಓಗಿದ್ದ ಕಣಪ್ಪ. ಅವುನ್ ಕೊಳ್ಳಲ್ಲಿತ್ತು."

ಬಿಲ್ಲೆಯ ಮೇಲೆ 'ಪುರಸಭೆ, ನಾಯಿ ಲೈಸೆನ್ಸ್' ಎಂದು ಅಚ್ಚಗನ್ನಡದಲ್ಲಿ ಕೆತ್ತಿತ್ತು. ಮೈದುನ ಓದಿದ. ಓದಿಯೂ ಮಳವಳ್ಳಿಯವರೆಗೆ ಟಿಕೆಟ್ ಕೊಟ್ಟ. ಅದರ ಮೇಲೆ ಚಿಲ್ಲರೆಯನ್ನೂ ಕೊಟ್ಟ! ನಾನು ಗದರಿಸಿದೆ.

"ಏನಪ್ಪಾ, ಕಣ್ಣಿಗೆ ಕಾಣಲಿಲ್ಲವಾ?"

"ಕಾಣ್ತು ಕಣತ್ಗೆಮ್ಮ. ಅಜ್ಜಿ ಸುಳ್ಳೇಳಿದ್ರೂ ಅವ್ರಪ್ಪ ಸುಳ್ಳಾ?"

ಈ ಪ್ರಶ್ನೆಗೆ ನಿಮ್ಮ ಹತ್ತಿರ ಉತ್ತರವಿದ್ದರೆ ಹೇಳಿ.

ಬಿಲ್ಲೆ ಯುದ್ಧದ್ದೋ ಅಲ್ಲವೋ ಎಂದು ಗುರುತಿಸುವ ಅವನ ವಿಧಾನ ಬಹಳ ಶಾಸ್ತ್ರೀಯ. ಮೊದಲು ಒಗೆಯುವ ಕಲ್ಲಿನ ಮೇಲೆ ಬೀಳಿಸಿ ಸದ್ದು ಕೇಳುತ್ತಾನೆ. ಆಮೇಲೆ ಕಣ್ಣು ಮುಚ್ಚಿ ಮೂಸುತ್ತಾನೆ. ಅಲ್ಲಿಗೂ ತೀರ್ಮಾನವಾಗದಿದ್ದರೆ ನೆಕ್ಕುತ್ತಾನೆ! ಥರ್ಮಾಮೀಟರನ್ನು ಸ್ಪಿರಿಟ್ಟಿನಲ್ಲಿ ಒರೆಸದೆ ಯಾರ ಬಾಯಿಗೂ ಇಡದವಳು ನಾನು. ನನ್ನ ಕಣ್ಣೆದುರಿಗೇ, ಜಿಲ್ಲೆಯ ಸಮಸ್ತ ಜೇಬುಗಳನ್ನೂ ಸುತ್ತಿ ಬಂದ ಹಿತ್ತಾಳೆಯನ್ನು ಇವನು ಉಪ್ಪಿನಕಾಯಿಯಂತೆ ಚಪ್ಪರಿಸುತ್ತಾನೆ.

"ಥೂ! ಉಗುಳೋ ಅದನ್ನ!"

"ಇರಿ ಅತ್ಗೆಮ್ಮ… ಉಪ್ಪು… ಸಮುದ್ರದ ಉಪ್ಪು. ಅಡಗಲ್ಲಿ ಬಂದಿರೋ ಮಾಲು ಇದು."

ಅದು ಶುಕ್ರವಾರದ ಸಂತೆಯಲ್ಲಿ ಒಣಮೀನು ಮಾರುವವನ ಜೇಬಿನಿಂದ ಬಂದ ಮಾಲು ಎಂದು ಆಮೇಲೆ ಗೊತ್ತಾಯಿತು.

ಇನ್ನೊಂದು ಸಲ ನಾವು ಮೂವರೂ ಮಳವಳ್ಳಿಯ ಮದುವೆಯೊಂದಕ್ಕೆ ಹೊರಟವರು ಮದ್ದೂರಿನ ಹೋಟೆಲಿನಲ್ಲಿ ವಡೆ ತಿನ್ನಲು ಕೂತೆವು. ಮೈದುನ ಜೇಬಿನಿಂದ ಹಿತ್ತಾಳೆಯ ಬಿಲ್ಲೆಯೊಂದನ್ನು ತೆಗೆದು ಹೋಟೆಲಿನ ಯಜಮಾನರಿಗೆ ತೋರಿಸಿದ. "ನೋಡಿ ಸಾ, ಮಿಲಿಟರಿ ಕ್ಯಾಂಟೀನಿನದು. ಇದ ಕೊಟ್ಟು ದೊಡ್ ದೊಡ್ ದಂಡನಾಯಕ್ರು ಊಟ ಮಾಡವ್ರೆ." ಯಜಮಾನರು ಬಿಲ್ಲೆಯನ್ನು ಕೈಗೆ ತೆಗೆದುಕೊಂಡರು. ಹಿಂದಕ್ಕೆ ತಿರುಗಿ ಅಡುಗೆಮನೆಯ ಕಡೆ ಕೂಗಿದರು. "ಲೇ, ಪಾರ್ಸಲ್ ಬಿಲ್ಲೆ ಒಂದು ಕಮ್ಮಿ ಆಯ್ತು ಅಂತಿದ್ಯಲ್ಲಾ, ಸಿಕ್ತು ಕಣ್ಲಾ!" ದಂಡನಾಯಕರ ಬಿಲ್ಲೆ ಗೋಡೆಯ ಮೊಳೆಗೆ, ತನ್ನ ಅಣ್ಣತಮ್ಮಂದಿರ ಪಕ್ಕಕ್ಕೆ ಹೋಗಿ ತೂಗಾಡಿತು. ಮೈದುನ ಮಿಕ್ಕ ವಡೆಯನ್ನು ತಿನ್ನಲಿಲ್ಲ. ನಾನೇ ತಿಂದೆ. ಅನ್ನ ಬಿಸಾಡುವ ಅಭ್ಯಾಸ ನನಗಿಲ್ಲ.

ಅವನ ಶಾಸ್ತ್ರದಲ್ಲಿ ಒಂದೇ ಒಂದು ಮಹಾಪಾಪವಿದೆ: ಬಿಲ್ಲೆಯನ್ನು ತೊಳೆಯುವುದು! ಕಪ್ಪು ಅಂದರೆ ವಯಸ್ಸು, ವಯಸ್ಸು ಅಂದರೆ ಬೆಲೆ. ಒಂದು ಸಲ ಗೌರಿಹಬ್ಬದ ಹಿಂದಿನ ದಿನ ನನ್ನ ವಾರಗಿತ್ತಿ, ಅಂದರೆ ಅವನ ಹೆಂಡತಿ, ದೀಪದ ಕಂಬಗಳ ಜೊತೆಗೆ ಅವನ ಒಂದು ಹಿಡಿ ಬಿಲ್ಲೆಗಳನ್ನೂ ಹುಣಸೆಹಣ್ಣು ಹಾಕಿ ತಿಕ್ಕಿ ಫಳಫಳ ಹೊಳೆಸಿ ಇಟ್ಟಿದ್ದಳು. ಪಾಪ, ಗಂಡ ಮೆಚ್ಚಿಕೊಳ್ಳುತ್ತಾನೆ ಅಂದುಕೊಂಡಿದ್ದಳು! ಅವನು ಹಬ್ಬದ ಊಟ ಬಿಟ್ಟು ಮಗ್ಗುಲಾಗಿ ಮಲಗಿಬಿಟ್ಟ. "ಐವತ್ ವರ್ಸದ ಕಪ್ಪ ಒಂದ್ ಗಳ್ಗೇಲಿ ತೊಳ್ದ್‌ಬುಟ್ಲಲ್ಲಾ ಅತ್ಗೆಮ್ಮ!" ಅವಳು ಬಾಗಿಲಿಗೆ ಒರಗಿ ನಿಂತು, "ನೋಡಕ್ಕ, ಈ ವಯ್ಯ ನಾನ್ ಸತ್ರೂ ಇಂಗ್ ಅಳಕಿಲ್ಲ" ಎಂದಳು.

ಇಷ್ಟೆಲ್ಲದರ ನಡುವೆ ಅವನ ಡಬ್ಬದ ರಾಜ ಒಂದಿತ್ತು. ಎಂಟಾಣೆಗಿಂತ ದೊಡ್ಡ ಹಿತ್ತಾಳೆ ಬಿಲ್ಲೆ. ಮಸಿಯಂಥ ಕಪ್ಪು. ಮೇಲ್ಗಡೆ ಒಂದು ತೂತು, ನಡುವೆ ಹದಿನೇಳು ಎಂಬ ಅಂಕಿ. ಸ್ವಲ್ಪ ಬಾಗಿದೆ, ತಟ್ಟೆಯ ಅಂಚಿನಂತೆ. ಅವನು ಅದನ್ನು ಮರಳುಗಾಡಿನ ಬಿಲ್ಲೆ ಎನ್ನುತ್ತಾನೆ. ಹದಿನೇಳನೇ ಪಡೆಯಲ್ಲಿ ಮರಳುಗಾಡಿನಲ್ಲಿ ಹೋರಾಡಿದ ನಮ್ಮ ಕಡೆಯ ಸಿಪಾಯಿಯೊಬ್ಬನಿಗೆ ಸೈನ್ಯದವರು ಕೊಟ್ಟದ್ದಂತೆ. ಬಾಗಿರುವುದೇಕೆ ಎಂದರೆ ಪಕ್ಕದಲ್ಲೇ ಬಾಂಬು ಬಿದ್ದು ಆ ಶಾಖಕ್ಕೆ ಬಾಗಿತಂತೆ! ಬಿಲ್ಲೆ ಬಾಗುವಷ್ಟು ಶಾಖದಲ್ಲಿ ಸಿಪಾಯಿ ಏನಾದ ಎಂದು ನಾನು ಕೇಳಿದ್ದೆ. "ಅವ್ನು ಆಗ ಟೀ ಕುಡ್ಯಕ್ ಓಗಿದ್ದ" ಎಂದ, ತಾನೇ ಟೀ ಕಾಸಿಕೊಟ್ಟವನ ಹಾಗೆ.

ಈ ಬಿಲ್ಲೆ ಅವನಿಗೆ ಸಿಕ್ಕಿದ್ದು ಚಿಕ್ಕವನಿದ್ದಾಗ, ಹಲಗೂರಿನ ಹತ್ತಿರದ ಅವರ ಹೊಲದಲ್ಲಿ. ತೆಗೆದುಕೊಟ್ಟವರು ಅವನ ಅಣ್ಣ, ಅಂದರೆ ನನ್ನ ಯಜಮಾನರು.

ಈಗ ನಿಮಗೆ ಒಂದು ವಿಷಯ ಹೇಳಲೇಬೇಕು. ಆ ಬಿಲ್ಲೆಯನ್ನು ಮಾಡಿದವರೂ ನನ್ನ ಯಜಮಾನರೇ.

ಅವರ ಊರಿನಲ್ಲಿ ಯುದ್ಧದಿಂದ ಬಂದ ಮುದುಕರೊಬ್ಬರು ಮಕ್ಕಳಿಗೆ ತಮ್ಮ ಕ್ಯಾಂಟೀನಿನ ಬಿಲ್ಲೆ ತೋರಿಸಿ ಕಥೆ ಹೇಳುತ್ತಿದ್ದರಂತೆ. ನನಗೂ ಅಂಥದೇ ಬೇಕು ಎಂದು ಮೈದುನ ಊಟ ಬಿಟ್ಟು ಹಟ ಹಿಡಿದ. ಅಣ್ಣ ಆಗಷ್ಟೇ ಮದ್ದೂರಿನ ಲೇತ್ ಅಂಗಡಿಯೊಂದರಲ್ಲಿ ಕೆಲಸ ಕಲಿಯಲು ಸೇರಿದ್ದರು. ಹಿತ್ತಾಳೆಯ ಚೂರೊಂದನ್ನು ಕತ್ತರಿಸಿ, ತೂತು ಕೊರೆದು, ಅಂಕಿ ಹೊಡೆದರು. ಹದಿನೇಳೇ ಏಕೆ? ಅಂಗಡಿಯ ಅಚ್ಚುಗಳಲ್ಲಿ ಒಂದು ಮತ್ತು ಏಳು ಬಿಟ್ಟು ಮಿಕ್ಕವೆಲ್ಲ ಮುರಿದುಹೋಗಿದ್ದವು! ಹರಳೆಣ್ಣೆ ಮಸಿ ಬಳಿದು, ಒಂದು ಮಳೆಗಾಲ ಪೂರ್ತಿ ತಿಪ್ಪೆಯಲ್ಲಿ ಹೂತಿಟ್ಟು, ಆಮೇಲೆ ಹೊಲದಲ್ಲಿ 'ಸಿಕ್ಕಿಸಿ'ದರು. ಮದುವೆಯಾದ ಹೊಸದರಲ್ಲಿ ಇದನ್ನು ನನಗೆ ಹೇಳಿ, "ಅವ್ನಿಗ್ ಮಾತ್ರ ಏಳ್ಬೇಡ ಕಣೆ" ಎಂದರು. ಹೇಳಲಿಲ್ಲ. ಅವರು ಹೋದ ಮೇಲೂ ಹೇಳಲಿಲ್ಲ.

ಎಲ್ಲ ಸರಿಯಾಗಿಯೇ ನಡೆದಿತ್ತು, ಮೈಸೂರಿನ ಮೇಷ್ಟ್ರು ಬರುವವರೆಗೆ.

ಮೈಸೂರಿನಲ್ಲಿ ಹಳೇ ನಾಣ್ಯಗಳ ಪ್ರದರ್ಶನ ನಡೆದಿತ್ತು. ಅಲ್ಲಿ ನಿವೃತ್ತ ಚರಿತ್ರೆ ಮೇಷ್ಟ್ರೊಬ್ಬರು ಜನ ತಂದ ಬಿಲ್ಲೆಗಳನ್ನು ನೋಡಿ ಇಂಥದ್ದು, ಇಷ್ಟು ಬಾಳುತ್ತದೆ ಎಂದು ಹೇಳುತ್ತಿದ್ದರು. ನಮ್ಮವನು ಅವರನ್ನು ಹಿಡಿದುಕೊಂಡ. ಊಟದ ಸಾಲಿನಲ್ಲಿ ಹಿಂದೆ ನಿಂತ. ಆಟೋ ಹತ್ತಿದರೆ ಪಕ್ಕದಲ್ಲಿ ಕೂತ. ಬಿಡುಗಡೆಗೆ ಬೇರೆ ದಾರಿ ಕಾಣದೆ ಅವರು, ಒಂದು ಭಾನುವಾರ ಮಂಡ್ಯಕ್ಕೆ ಬರುತ್ತೇನೆ ಎಂದು ಮಾತು ಕೊಟ್ಟರು. ತನ್ನ ಮನೆಯಲ್ಲಿ ಈ ಸಭೆ ಕೂಡದು ಎಂದು ಹೆಂಡತಿ ಹೇಳಿದ್ದರಿಂದ ನನ್ನ ಊಟದ ಮೇಜು ಗೊತ್ತಾಯಿತು.

ಶನಿವಾರ ಸಂಜೆ ಗಂಡಹೆಂಡಿರಿಬ್ಬರೂ ಮದ್ದೂರಿನಿಂದ ಡಬ್ಬ ಹಿಡಿದು ಬಂದರು. ಕಾಫಿ ಕುಡಿಯುತ್ತಾ ಮೈದುನ ಶಪಥ ಮಾಡಿದ.

"ಅತ್ಗೆಮ್ಮ, ಮಿಕ್ಕಿದ್ದೆಲ್ಲ ಏನಾರ ಅನ್ಲಿ. ನಮ್ಮಣ್ಣ ಕೊಟ್ಟ ಬಿಲ್ಲೆ ಯುದ್ದದ್ದಲ್ಲ ಅಂತ ಮೇಷ್ಟ್ರು ಅಂದ್ರೆ, ಡಬ್ಬ ಸಮೇತ ತಕ್ಕೊಂಡೋಗಿ ಸಿಂಸಾ ಒಳೇಗ್ ಆಕ್‌ಬುಡ್ತೀನಿ. ಆಮೇಲೆ ಬಿಲ್ಲೆ ಅನ್ನೋ ಮಾತೇ ಎತ್ತಕಿಲ್ಲ."

ವಾರಗಿತ್ತಿ ಲೋಟ ಕೆಳಗಿಟ್ಟು ಎರಡೂ ಕೈ ಮುಗಿದಳು. "ಮೇಷ್ಟ್ರು ಚೆನ್ನಾಗಿರ್ಲಿ ಕಣಕ್ಕ. ಬೆಳಗ್ಗೆ ಅವ್ರಿಗೆ ಪಾಯ್ಸ ಮಾಡನ."

ಅವಳು ನಕ್ಕಳು. ನನಗೆ ನಗು ಬರಲಿಲ್ಲ. ಈ ಮನುಷ್ಯ ಮಾತಿಗೆ ತಪ್ಪುವವನಲ್ಲ. ಹೊಳೆಗೆ ಹಾಕುತ್ತೇನೆ ಎಂದರೆ ಹಾಕಿಯೇ ತೀರುತ್ತಾನೆ. ಕೆಲಸ ಮುಗಿದಿದೆ, ಅಣ್ಣನಿಲ್ಲ. ತಿಂಗಳಿಗೊಂದು ಸಲ ಆ ಡಬ್ಬ ಹಿಡಿದು ನನ್ನ ಮನೆಗೆ ಬಂದು, ಅಣ್ಣನ ಕುರ್ಚಿಯ ಎದುರಿಗೆ ಕೂತು ಎಲ್ಲವನ್ನೂ ಹರವಿ ಮತ್ತೆ ತುಂಬಿಕೊಂಡು ಹೋಗುತ್ತಾನೆ. ಡಬ್ಬ ಹೋದರೆ ಅವನು ಏನು ಹಿಡಿದುಕೊಂಡು ಬಂದಾನು? ಅದಕ್ಕಿಂತ ಹೆಚ್ಚಾಗಿ, ಸತ್ತ ಅಣ್ಣ ತನಗೆ ಸುಳ್ಳು ಹೇಳಿದ ಎಂದುಕೊಂಡು ಹೋದಾನಲ್ಲ!

ಅವನು ಕೈಕಾಲು ತೊಳೆಯಲು ಹಿತ್ತಲಿಗೆ ಹೋದ. ವಾರಗಿತ್ತಿ ಹೊರಗೆ ಹೂ ಕೊಳ್ಳುತ್ತಿದ್ದಳು. ನಾನು ಡಬ್ಬ ತೆರೆದು ಮರಳುಗಾಡಿನ ಬಿಲ್ಲೆಯನ್ನು ಎತ್ತಿದೆ. ಇಷ್ಟು ವರ್ಷದ ಸರ್ವೀಸಿನಲ್ಲಿ ಒಂದು ಹತ್ತಿಯ ಉಂಡೆಯನ್ನೂ ಮನೆಗೆ ತರದವಳು ಮೈದುನನ ಡಬ್ಬಕ್ಕೆ ಕೈ ಹಾಕಿದೆ ನೋಡಿ! ಎಲ್ಲಿ ಬಚ್ಚಿಡುವುದು? ನನ್ನ ಮನೆಯಲ್ಲಿ ಪ್ರತಿ ವಸ್ತುವಿಗೂ ಜಾಗ ಗೊತ್ತುಮಾಡಿದ್ದೇನೆ. ಕದ್ದ ಮಾಲಿಗೆ ಮಾತ್ರ ಗೊತ್ತುಮಾಡಿರಲಿಲ್ಲ. ಹಿತ್ತಲ ಬಾಗಿಲು ಕಿರ್ರೆಂದಿತು. ಕೈಗೆ ಹತ್ತಿರವಿದ್ದ ಭರಣಿಯ ಮುಚ್ಚಳ ತೆಗೆದು, ಒಳಗಿನ ಮುದ್ದೆಗೆ ಬಿಲ್ಲೆಯನ್ನು ನಿಲುವಾಗಿ ಒತ್ತಿ, ಮುಚ್ಚಿ, ಅಕ್ಕಿ ಆರಿಸಲು ಕೂತೆ.

ಅದು ಹುಣಸೆಹಣ್ಣಿನ ಭರಣಿ. ಉಪ್ಪು ಬೆರೆಸಿ ಇಟ್ಟ ಹಳೆ ಹುಣಸೆಹಣ್ಣು. ಹುಟ್ಟಿದಾಗಿನಿಂದ ಹಿತ್ತಾಳೆ ಪಾತ್ರೆ ತಿಕ್ಕಿದ ನನಗೆ ಆ ಹೊತ್ತಿನಲ್ಲಿ ಅದು ಹೊಳೆಯಲೇ ಇಲ್ಲ. ಬಿಲ್ಲೆಗೆ ಹೊಳೆಯಿತು. ಆ ವಿಷಯಕ್ಕೆ ಬರುತ್ತೇನೆ.

ಮೊದಲಿಗೆ ಹೇಳಿದ ಆ ಭಾನುವಾರ, ಹತ್ತು ಗಂಟೆಯ ಹೊತ್ತಿಗೆ ಮೇಷ್ಟ್ರು ಬಂದರು. ತೆಳ್ಳಗಿನ ಮನುಷ್ಯ, ಇಸ್ತ್ರಿ ಮಾಡಿದ ಅಂಗಿ, ಕೈಚೀಲದಲ್ಲಿ ಭೂತಗನ್ನಡಿ, ಪುಟ್ಟ ತಕ್ಕಡಿ, ಒಂದು ಅಯಸ್ಕಾಂತ. ಕೈ ತೊಳೆದುಕೊಂಡೇ ಮೇಜಿನ ಮುಂದೆ ಕೂತರು. ಅಷ್ಟಕ್ಕೇ ನನಗೆ ಅವರ ಮೇಲೆ ಗೌರವ ಹುಟ್ಟಿತು. ಆದರೂ ಗೌರವವೇ ಬೇರೆ, ಯುದ್ಧತಂತ್ರವೇ ಬೇರೆ. ಬಂದ ಕೂಡಲೇ ಎರಡು ವಡೆ ಕೊಟ್ಟೆ. ತಿಂದ ಮೇಲೆ ಉಪ್ಪಿಟ್ಟು ಕೊಟ್ಟೆ. ಅವರು ಡಬ್ಬಕ್ಕೆ ಕೈ ಹಾಕುವಷ್ಟರಲ್ಲಿ ಮುದ್ದೆ, ಅವರೆಕಾಳು ಸಾರಿಗೆ ಎಲೆ ಹಾಕಿಬಿಟ್ಟೆ. ಇಂಥ ಊಟದ ಮೇಲೆ ಯಾವ ಗಂಡಸು ಕೂತು ಕೆಲಸ ಮಾಡಿದ್ದಾನೆ? ಇವರು ಮಾಡಿದರು! ಮುದ್ದೆ ನುಂಗಿ, ನೀರು ಕುಡಿದು, ಕನ್ನಡಿ ಒರೆಸಿಕೊಂಡು, "ಎಲ್ಲಿ, ನೋಡೋಣ" ಎಂದರು. ಮೈಸೂರಿನವರ ಬಗ್ಗೆ ನನ್ನ ಅಂದಾಜು ತಪ್ಪಾಗಿತ್ತು.

ನಾನು ಮೂರು ಸ್ಟೀಲ್ ತಟ್ಟೆ ಇಟ್ಟೆ. ಮೊದಲನೆಯದು ಯುದ್ಧದವಕ್ಕೆ, ಎರಡನೆಯದು ಯುದ್ಧದ್ದಲ್ಲದವಕ್ಕೆ. ಮೂರನೆಯದು ಏಕೆ ಎಂದು ಮೈದುನ ಕೇಳಿದ. ಮೇಷ್ಟ್ರು ಡಬ್ಬದೊಳಕ್ಕೆ ಒಂದು ನೋಟ ಹಾಯಿಸಿ, "ಬಟನ್‌ಗಳಿಗೆ" ಎಂದರು.

ಮೂರನೆಯ ತಟ್ಟೆಯೇ ಮೊದಲು ತುಂಬಿತು.

"ಇದು ರೈಲ್ವೆಯವ್ರದು ಅಲ್ವಾ ಸಾ?"

"ಸೈಕಲ್ ಸ್ಟ್ಯಾಂಡಿನದು."

"ಇದು? ಇದ್ರಲ್ಲಿ ಕಿರೀಟ ಐತೆ."

"ಸೋಡಾ ಬಾಟಲಿ ಮುಚ್ಚಳ. ಬಡಿದು ಚಪ್ಪಟೆ ಮಾಡಿದ್ದಾರೆ."

"ಯಾರು?"

"ಬಸ್ಸು."

ಮೈದುನ ಪ್ರತಿ ಸಲವೂ ತಲೆ ಅಲ್ಲಾಡಿಸುತ್ತಿದ್ದ, ಇದೆಲ್ಲ ತನಗೆ ಮೊದಲೇ ತಿಳಿದಿತ್ತು, ಮೇಷ್ಟ್ರನ್ನು ಪರೀಕ್ಷಿಸುತ್ತಿದ್ದೇನೆ ಎನ್ನುವ ಹಾಗೆ. ಮೊದಲನೆಯ ತಟ್ಟೆಯಲ್ಲಿ ಕಡೆಗೆ ನಾಲ್ಕು ತೂತುಕಾಸು ಬಿದ್ದವು. ನಿಜವಾದವೇ. ಆದರೆ ನಾಡಿನಲ್ಲಿ ಬೇಕಾದಷ್ಟಿವೆ, ನಾಲ್ಕೂ ಸೇರಿ ಬಂದಷ್ಟು ದುಡ್ಡಿಗೆ ಒಂದು ಊಟ ಬಂದರೆ ಹೆಚ್ಚು ಎಂದರು ಮೇಷ್ಟ್ರು. ಆಗಲೇ ಅವರ ಕಣ್ಣು ನನ್ನ ವಾರಗಿತ್ತಿಯ ಸೊಂಟದ ಕಡೆ ಹೋಯಿತು. ನಾನು ಗಂಟಲು ಸರಿಮಾಡಿಕೊಂಡೆ.

"ಅಮ್ಮಾ, ಆ ಬೀಗದ ಕೈ ಗೊಂಚಲಲ್ಲಿರೋದೇನು? ಸ್ವಲ್ಪ ಕೊಡ್ತೀರಾ?"

ಗೊಂಚಲಿನಲ್ಲಿ ಒಂದು ಸವೆದ ಬಿಲ್ಲೆ ಜೋತಾಡುತ್ತಿತ್ತು. ಮೇಷ್ಟ್ರು ಕನ್ನಡಿ ಹಿಡಿದರು, ತೂಗಿದರು, ಅಯಸ್ಕಾಂತ ತಾಗಿಸಿದರು, ಮತ್ತೆ ಕನ್ನಡಿ ಹಿಡಿದರು. ಅವರ ಧ್ವನಿಯೇ ಬದಲಾಯಿತು. "ಇದು ನೋಡಿ ನಿಜವಾದದ್ದು! ಯುದ್ಧಕಾಲದ ಸಿಪಾಯಿಗಳ ಕ್ಯಾಂಟೀನಿನದು. ಒಂದು ಟೀ ಅಂತ ಅಚ್ಚಿದೆ. ಎಲ್ಲಿ ಸಿಕ್ಕಿತು?"

"ಇವ್ರೇ ಬಿಸಾಕಿದ್ರು ಸಾ" ಎಂದಳು ವಾರಗಿತ್ತಿ. "ಮೂಸ್ ನೋಡಿ, ಥೂ ಇದ್ರಲ್ಲೇನೂ ಇಲ್ಲ ಅಂದ್ರು. ನಾನು ಬೀರು ಬೀಗಕ್ಕೆ ಆಕ್ಕೊಂಡೆ."

"ಕೊಳ್ಳೋರು ಸಿಕ್ಕರೆ ಒಂದು ಗ್ಯಾಸ್ ಸಿಲಿಂಡರಿನ ಬೆಲೆ ಬರುತ್ತೆ."

ಮೈದುನ ಕೈ ಚಾಚಿದ. ಅವಳು ಗೊಂಚಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. "ನಂದು ಕಣ್ರೀ ಇದು. ನಾನೂ ಕಲೆಕ್ಸನ್ ಮಾಡ್ತಾವ್ನಿ, ಒಂದೇ ಒಂದು!"

ಮೈದುನ ಇದನ್ನೂ ಸಹಿಸಿಕೊಂಡ. ಬೆನ್ನು ನೆಟ್ಟಗೆ ಮಾಡಿ ಕೂತು, "ಓಗ್ಲಿ ಬುಡಿ ಸಾ. ಈಗ ನೋಡಿ ಅಸಲಿ ಮಾಲು" ಎನ್ನುತ್ತಾ ಡಬ್ಬದ ತಳದಲ್ಲಿದ್ದ ಮಖಮಲ್ಲಿನ ಚೀಲ ಬಿಚ್ಚಿದ. ಕೊಡವಿದ. ತಿರುಗಿಸಿದ. ಒಳಗೆ ಬೆರಳು ಹಾಕಿದ.

ಅವನ ಮುಖ ನೋಡಿದೆ. ಸಾಯುವವರ ಮನೆಯವರ ಮುಖಗಳನ್ನು ಬೇಕಾದಷ್ಟು ನೋಡಿದವಳು ನಾನು. ಈ ಮುಖವನ್ನು ನೋಡಲು ಮಾತ್ರ ನನ್ನಿಂದಾಗಲಿಲ್ಲ. ತಲೆ ಬಗ್ಗಿಸಿ, ಒರೆಸಿದ ಮೇಜನ್ನೇ ಮತ್ತೆ ಒರೆಸಿದೆ.

"ಎಲ್ಲಿ ಮಡಗಿದ್ದೀಯೆ?" ಎಂದ ಹೆಂಡತಿಗೆ.

"ನಾನ್ಯಾಕ್ ಮುಟ್ಲಿ?"

"ಇನ್ಯಾರೇ ಮುಟ್ಟೋರು? ಡಬ್ಬ ಒಳೇಗ್ ಓದ್ರೆ ಸಾಕು ಅಂತ ಕೈ ಮುಗ್ದೋಳು ನೀನಲ್ವಾ? ಅದು ಅಣ್ಣ ಕೊಟ್ಟಿದ್ದು ಕಣೆ!"

ಅವಳು ಇಡೀ ಸಂಸಾರದಲ್ಲಿ ಮೊದಲನೆಯ ಸಲ ತಿರುಗಿ ಬೈಯಲಿಲ್ಲ. ಸೆರಗಿನಿಂದ ಕಣ್ಣೊರೆಸಿಕೊಂಡಳು. ಮೇಷ್ಟ್ರು ತಮ್ಮ ಅಯಸ್ಕಾಂತವನ್ನು ಬಹಳ ಆಸಕ್ತಿಯಿಂದ ನೋಡತೊಡಗಿದರು.

ನಾನು ಎದ್ದೆ. ಭರಣಿಯನ್ನು ತಂದು ಮೇಜಿನ ಮೇಲಿಟ್ಟೆ. "ಅವಳಲ್ಲ, ನಾನು" ಎಂದು, ಚಮಚದಲ್ಲಿ ಬಿಲ್ಲೆಯನ್ನು ಮೀಟಿ ತೆಗೆದೆ.

ಬಿಲ್ಲೆಯ ಅರ್ಧ ಮುದ್ದೆಯೊಳಗಿತ್ತು, ಅರ್ಧ ಹೊರಗಿತ್ತು. ಹೊರಗಿದ್ದರ್ಧ ಮೊದಲಿನ ಹಾಗೇ ಮಸಿ. ಒಳಗಿದ್ದರ್ಧ ಹೊಸ ಮದುವಣಗಿತ್ತಿಯ ತಾಳಿಯಂತೆ ಥಳಥಳ! ಮೈದುನ ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡ. ಐವತ್ತು ವರ್ಷದ ಕಪ್ಪು, ಅದರಲ್ಲೂ ಹುಣಸೆಹಣ್ಣಿನಲ್ಲಿ, ಅದರಲ್ಲೂ ಅತ್ತಿಗೆಯ ಕೈಯಿಂದ!

ಮೇಷ್ಟ್ರು ಅದನ್ನು ಒರೆಸಿ ತಿರುಗಿಸಿದರು. ಅಂಕಿಯಿದ್ದ ಕಡೆಯಲ್ಲ, ಹಿಂದಿನ ಕಡೆ. ಇಷ್ಟು ಕಾಲ ಮಸಿಯ ಅಡಿಯಲ್ಲಿ ಯಾರಿಗೂ ಕಾಣದಿದ್ದ ಜಾಗ. "ಇಲ್ಲೇನೋ ಅಕ್ಷರ ಇದೆ. ಚುಕ್ಕಿ ಚುಕ್ಕಿ. ಕೆಂ… ಪ…"

ಮೈದುನ ಜಿಗಿದು ನಿಂತ. "ಕೆಂಪು ಸೈನ್ಯ! ರಷ್ಯಾದೋರ್ದು ಸಾ ಇದು!"

"ಕನ್ನಡದಲ್ಲಿದೆಯಪ್ಪ" ಎಂದರು ಮೇಷ್ಟ್ರು ಮೆಲ್ಲಗೆ. "ನಿಮಗೆ ಬೇಜಾರು ಮಾಡೋಕೆ ಇಷ್ಟವಿಲ್ಲ. ಇದು ಯುದ್ಧದ್ದಲ್ಲ. ಪಾತ್ರೆ ಅಂಗಡಿಯವರು ಹೆಸರು ಹೊಡೆಯುವ ಚುಕ್ಕಿ ಇದು. ಬಾಗಿರೋದು ನೋಡಿ, ಯಾವುದೋ ಚೆಂಬಿನ ಹೊಟ್ಟೆಯಿಂದ ಕತ್ತರಿಸಿದ ತುಂಡು. ಸವೆದಿರೋ ಹಿತ್ತಾಳೆ, ತೂಕಕ್ಕೆ ಹಾಕಿದರೆ ಒಂದು ಟೀ ಕೂಡ ಬರಲ್ಲ."

ಮೈದುನ ಬಿಲ್ಲೆಯನ್ನು ಕೈಗೆ ತೆಗೆದುಕೊಂಡು ಹೆಬ್ಬೆರಳಿನಿಂದ ಆ ಚುಕ್ಕಿಗಳನ್ನು ಸವರಿದ. ಒಂದು ಸಲ, ಮತ್ತೊಂದು ಸಲ. ನನ್ನ ಕಣ್ಣ ಮುಂದೆ ಶಿಂಷಾ ಹೊಳೆ ಹರಿಯುತ್ತಿತ್ತು.

"ಅವ್ವನ್ ಚೆಂಬು" ಎಂದ.

ನನಗೆ ಅರ್ಥವಾಗಲಿಲ್ಲ. ನಮ್ಮ ಅತ್ತೆಯವರ ಹೆಸರು ಕೆಂಪಮ್ಮ, ಅದು ಗೊತ್ತು. ಬಿಲ್ಲೆಯನ್ನು ಮಾಡಿದ್ದು ಯಾರೆಂದೂ ಗೊತ್ತು. ಯಾವುದರಿಂದ ಎಂದು ಯಜಮಾನರು ಹೇಳಿರಲಿಲ್ಲ.

"ಅವ್ವನ್ ತೌರಿನ್ ಚೆಂಬು ಕಳ್ದೋಗಿತ್ತು ಅತ್ಗೆಮ್ಮ. ಮೂಲೇಮನೆ ಅಕ್ಕನೇ ಕದ್ದವ್ಳೆ ಅಂತ ಅವ್ವ ಬೀದೀಲಿ ನಿಂತ್ಕೊಂಡು ಬೈದ್ಲು. ಆವಕ್ಕನೂ ಬೈದ್ಲು. ಅವತ್ನಿಂದ ಎರಡು ಮನೇಗೂ ನೀರಿಲ್ಲ, ಬೆಂಕಿ ಇಲ್ಲ. ಅವ್ರ್ ಕೋಳಿ ನಮ್ ಹಿತ್ಲಿಗ್ ಬಂದ್ರೆ ಕಲ್ಲು, ನಮ್ ಎಮ್ಮೆ ಅವ್ರ್ ಬಾಗ್ಲಿಗ್ ಓದ್ರೆ ದೊಣ್ಣೆ. ನಾನು ದೊಡ್ಡೋನಾಗೋಗಂಟ ನಡೀತು. ಅಣ್ಣ ಗೋಡೆಗೊರಗಿ ಕೂತು ಎಲ್ಲಾ ನೋಡ್ತಿದ್ದ. ಒಂದಿನಾನಾರ ಬಾಯಿ ಬುಟ್ನಾ? ಕಳ್ಳ!"

ಕಳ್ಳ ಎಂದವನ ತುಟಿ ಅದುರಿತು. ಅದು ಅಳುವಾಗುತ್ತದೆ ಎಂದು ನಾನು ಸೆರಗು ಹಿಡಿದೆ. ಅದು ನಗುವಾಯಿತು. ಮೇಜು ಬಡಿದು ನಕ್ಕ. ಬಟನ್ನುಗಳೆಲ್ಲ ತಟ್ಟೆಯಲ್ಲಿ ಕುಣಿದವು.

"ಸಾ! ಯುದ್ದದ್ದಲ್ಲ ಅಂದ್ರಲ್ಲ, ತಪ್ಪು ಸಾ! ಇದ್ರಷ್ಟು ಯುದ್ದ ಯಾವ ಬಿಲ್ಲೆ ನೋಡೈತೆ ಏಳಿ? ಮೂಲೇಮನೆ ಯುದ್ದದ್ದು ಸಾ ಇದು. ಪರ್ಪಂಚದಲ್ಲಿ ಒಂದೇ ಒಂದು ಪೀಸು!"

ಮೇಷ್ಟ್ರು ಅವನ ಕೈಯಿಂದ ಬಿಲ್ಲೆಯನ್ನು ಎರಡು ಬೆರಳಲ್ಲಿ ಎತ್ತಿ, ಮೊದಲನೆಯ ತಟ್ಟೆಯಲ್ಲಿ, ತೂತುಕಾಸುಗಳ ಪಕ್ಕದಲ್ಲಿ ಇಟ್ಟರು. "ಬೆಲೆ ಹೇಳೋಕೆ ನನ್ನಿಂದ ಆಗಲ್ಲ" ಎಂದು ತಕ್ಕಡಿ ಮಡಚಿಕೊಂಡರು.

ಅವರನ್ನು ಮೈಸೂರು ಬಸ್ಸಿಗೆ ಹತ್ತಿಸಿ ಬಂದಾಗ ಸಂಜೆಯಾಗಿತ್ತು. ವಾರಗಿತ್ತಿ ಡಬ್ಬವನ್ನು ತಾನೇ ತುಂಬಿ, ಮುಚ್ಚಳ ಹಾಕಿ, ಗಂಡನ ಚೀಲದೊಳಗೆ ಇಟ್ಟಿದ್ದಳು. ಹೊಳೆಯ ಮಾತನ್ನು ಯಾರೂ ಎತ್ತಲಿಲ್ಲ. ಮೈದುನ ಬಾಗಿಲವರೆಗೆ ಹೋದವನು ಚಪ್ಪಲಿ ಬಿಟ್ಟು ಒಳಗೆ ಬಂದ. ಜೇಬಿನಿಂದ ಬಿಲ್ಲೆ ತೆಗೆದ.

"ನಿಮ್ಗೆ ಗೊತ್ತಿತ್ತಾ ಅತ್ಗೆಮ್ಮ? ಅಣ್ಣ ಮಾಡಿದ್ದು ಅಂತ?"

"ಗೊತ್ತಿತ್ತು."

"ಚೆಂಬಿನ್ ಇಸ್ಯ?"

"ಅದು ನನಗೂ ಹೇಳಿರಲಿಲ್ಲ."

ಅವನು ಅಣ್ಣನ ಕುರ್ಚಿಯ ಕಡೆ ನೋಡಿದ. ಆಮೇಲೆ ಬಿಲ್ಲೆಯನ್ನು ನನ್ನ ಮುಂದೆ ಹಿಡಿದ. "ಇನ್ನೊಂದರ್ಧಾನೂ ತಿಕ್ಕಿ ಅತ್ಗೆಮ್ಮ. 'ಮ್ಮ' ಅನ್ನೋದು ಕಾಣ್ತಿಲ್ಲ."

ಬಿಲ್ಲೆ ತೊಳೆದರೆಂದು ಹಬ್ಬದ ಊಟ ಬಿಟ್ಟ ಮನುಷ್ಯ! ನಾನು ಹಿತ್ತಲಿಗೆ ಹೋದೆ. ಅವನು ನಲ್ಲಿ ಬಿಟ್ಟ. ವಾರಗಿತ್ತಿ ಹುಣಸೆಹಣ್ಣು ಕಿವುಚಿಕೊಟ್ಟಳು. ಮೂವರೂ ಒಗೆಯುವ ಕಲ್ಲಿನ ಸುತ್ತ ಕುಕ್ಕರಗಾಲಿನಲ್ಲಿ ಕೂತೆವು. ನನ್ನ ಕೈ ಸೋತಾಗ ಅವನು ತಿಕ್ಕಿದ, ಅವನು ಜೋರಾಗಿ ತಿಕ್ಕಿದಾಗ "ಮೆಲ್ಲಗೆ, ಮೆಲ್ಲಗೆ" ಎಂದಳು ಅವಳು. ಮಸಿ ನೀರಿನಲ್ಲಿ ಹರಿದು ಹೋಯಿತು. ಚುಕ್ಕಿಗಳು ಒಂದೊಂದಾಗಿ ಎದ್ದು ಬಂದವು.

ಅತ್ತೆಯವರ ಹೆಸರು ಪೂರ್ತಿ ಕಾಣುವ ಹೊತ್ತಿಗೆ ಬೀದಿ ದೀಪ ಹತ್ತಿತ್ತು. ಬಿಲ್ಲೆಯನ್ನು ತೊಳೆದು, ಸೆರಗಿನಲ್ಲಿ ಒರೆಸಿ, ಅವನ ಕೈಗೆ ಕೊಟ್ಟೆ. ಅವರಿಬ್ಬರೂ ಮದ್ದೂರಿನ ಬಸ್ಸಿಗೆ ಹೋದರು. ಉಳಿದ ಹುಣಸೆಹಣ್ಣನ್ನು ಬಿಸಾಡಿ, ಭರಣಿಯನ್ನು ತೊಳೆದು, ಕಟ್ಟೆಯ ಮೇಲೆ ಬೋರಲು ಹಾಕಿದೆ. ಅವತ್ತಿನ ಕೆಲಸ ಮುಗಿಯಿತು.